ಶಾಂತಾದೇವಿಯವರ ಇಲ್ಲದ ಮಗಳು

ನಮ್ಮ ವಧು-ವರ ಮಾಹಿತಿ ಕೇಂದ್ರದ ಪಟ್ಟಿಯಿಂದ ಎರಡು ತಾಲ್ಲೂಕಿನಲ್ಲಿ ಎದ್ದ ಗಲಾಟೆಗೆ ನಾನೇ ಕಾರಣ ಎಂದು ಅರಸೀಕೆರೆಯಲ್ಲಿ ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು. ನಾನು ಕೇಂದ್ರದ ಜಂಟಿ ಕಾರ್ಯದರ್ಶಿ, ನಿವೃತ್ತ ಮುಖ್ಯೋಪಾಧ್ಯಾಯ, ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವನು. ಪಟ್ಟಿಯ ಕರಡು ತಿದ್ದಿದವನು ನಾನೇ, ಒಪ್ಪುತ್ತೇನೆ. ಅದರಲ್ಲಿ ಒಂದೇ ಒಂದು ಒತ್ತಕ್ಷರ ತಪ್ಪಿರಲಿಲ್ಲ. ಇಲ್ಲದ ಮನುಷ್ಯರು ಇದ್ದರು, ಅಷ್ಟೆ. ಇಲ್ಲದ ಮನುಷ್ಯರನ್ನು ಪತ್ತೆ ಹಚ್ಚುವುದು ಕರಡು ತಿದ್ದುವವನ ಕೆಲಸವೇ? ನೀವೇ ಹೇಳಿ.

ಇದೆಲ್ಲ ಶುರುವಾದದ್ದು ೨೦೦೧ರಲ್ಲಿ, ಕೇಂದ್ರವನ್ನು ಆಧುನಿಕ ಮಾಡಬೇಕೆಂದು ಅಧ್ಯಕ್ಷರಿಗೆ ಹಟ ಹುಟ್ಟಿದಾಗ. ಅಲ್ಲಿಯವರೆಗೆ ಅರ್ಜಿಗಳೆಲ್ಲ ಕಟ್ಟಿನಲ್ಲಿದ್ದವು. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ನನ್ನ ತಲೆಯಲ್ಲಿತ್ತು. ಅಧ್ಯಕ್ಷರು ಹಾಸನದ ಯಾವನೋ ಹುಡುಗನಿಂದ ಒಂದು ಪ್ರೋಗ್ರಾಂ ಬರೆಸಿ, ಎರಡನೇ ಕೈ ಕಂಪ್ಯೂಟರೊಂದನ್ನು ತಂದು ನಮ್ಮ ಮೇಜಿನ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, "ಇದನ್ನ ನಡೆಸೋರು ಯಾರ್ರೀ?" ಎಂದು ಕೇಳಿದರು.

"ನಾನು ಸಾರ್," ಎಂದ ಶಶಿಧರ್.

ಶಶಿಧರ್ ನಮ್ಮ ಕೇಂದ್ರದ ಟೈಪಿಸ್ಟು. ವಯಸ್ಸು ಮೂವತ್ತೊಂದು, ಎತ್ತರ ಐದು ಅಡಿ ನಾಲ್ಕಂಗುಲ, ಸ್ವಭಾವ ಬೆಣ್ಣೆ. ಕಂಪ್ಯೂಟರನ್ನು ಅವನು ಅದಕ್ಕೆ ಮುಂಚೆ ಒಂದೇ ಸಲ ನೋಡಿದ್ದು, ಅದೂ ಬಟ್ಟೆ ಹೊದಿಸಿದ್ದಾಗ. ಆದರೆ ಟೈಪಿಂಗಿನಲ್ಲಿ ಅವನು ಜಿಲ್ಲೆಗೇ ಮೊದಲಿಗ. ರೈಲ್ವೆ ಸ್ಟೇಷನ್ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅವನ ಗುರುಗಳು ಒಂದೇ ಮಂತ್ರ ಕಲಿಸಿದ್ದರು: ಕಣ್ಣು ಪ್ರತಿಯ ಮೇಲೆ, ಬೆರಳು ಕೀಲಿಯ ಮೇಲೆ. ತಲೆ ಎತ್ತಿದವನ ಗೆಣ್ಣಿಗೆ ಅಡಿಪಟ್ಟಿಯ ಏಟು. ಹೀಗೆ ತಯಾರಾದ ಶಶಿಧರ್ ಎದುರಿಗೆ ಆನೆ ಬಂದು ನಿಂತರೂ ತಲೆ ಎತ್ತುವವನಲ್ಲ. ಟೈಪ್ ಮಾಡಿದ್ದು ಏನು ಎಂದು ಕೇಳಿದರೆ ಅವನಿಗೆ ಗೊತ್ತಿರುತ್ತಿರಲಿಲ್ಲ. ಅಕ್ಷರ ಕಣ್ಣಿನಿಂದ ಹೊರಟು ನೇರ ಬೆರಳಿಗೆ ಹೋಗುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

ಹಾಸನದ ಹುಡುಗ ಒಂದು ಮಧ್ಯಾಹ್ನ ಬಂದು ಹೇಳಿಕೊಟ್ಟು ಹೋದ. ತೆರೆಯ ಮೇಲೆ ಒಂದು ದೊಡ್ಡ ಫಾರಂ, ಅದರಲ್ಲಿ ಮನೆಯ ಯಜಮಾನರ ಹೆಸರು, ಊರು. ಅದರ ಹೊಟ್ಟೆಯೊಳಗೆ ಎರಡು ಸಣ್ಣ ಫಾರಂಗಳು. ಮೇಲಿನ ಪೆಟ್ಟಿಗೆಯಲ್ಲಿ 'ನಮ್ಮ ಮನೆಯ ವಧು ಅಥವಾ ವರ.' ಕೆಳಗಿನ ಪೆಟ್ಟಿಗೆಯಲ್ಲಿ 'ನಮಗೆ ಬೇಕಾದ ವಧು ಅಥವಾ ವರ.' ಎರಡರಲ್ಲೂ ಕಾಲಂಗಳು ಒಂದೇ: ವಧುವೋ ವರನೋ, ವಯಸ್ಸು, ಎತ್ತರ, ಬಣ್ಣ, ಓದು, ಉದ್ಯೋಗ, ಗುಣ. ಹೆಣ್ಣುಮಕ್ಕಳ ಹೆಸರು ಬೀದಿಗೆ ಬರಬಾರದೆಂದು ಅಧ್ಯಕ್ಷರು ಹೆಸರಿನ ಕಾಲಂ ತೆಗೆಸಿಬಿಟ್ಟಿದ್ದರು. ಅಚ್ಚಾಗುವ ಪಟ್ಟಿಗೆ ಬರುವುದು ಮೇಲಿನ ಪೆಟ್ಟಿಗೆ ಮಾತ್ರ. ಕೆಳಗಿನದು ನಮ್ಮ ಆಫೀಸಿನ ಒಳಗಿನ ಉಪಯೋಗಕ್ಕೆ.

"ಮೇಲಿನ ಪೆಟ್ಟಿಗೆ ಮುಗಿದ ಮೇಲೆ ಮೌಸಿನಿಂದ ಕೆಳಗಿನ ಪೆಟ್ಟಿಗೆ ಮೇಲೆ ಕ್ಲಿಕ್ ಮಾಡಿ," ಎಂದಿದ್ದ ಹುಡುಗ.

ನಮ್ಮ ಆಫೀಸು ಇದ್ದದ್ದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಕೆಳಗೆ ದಿನವಿಡೀ ಕಾಯಿ ಸುಲಿಯುತ್ತಿದ್ದರು. ನಾರಿನ ದೂಳು ಕಿಟಕಿಯಿಂದ ಬಂದು ನಮ್ಮ ಕಾಫಿಗೂ ಬೀಳುತ್ತಿತ್ತು. ನಾಲ್ಕೇ ದಿನದಲ್ಲಿ ಮೌಸಿನ ಹೊಟ್ಟೆಯಲ್ಲಿ ಉರುಳುವ ಗುಂಡಿಗೆ ನಾರು ಸುತ್ತಿಕೊಂಡು ಅದು ಅಲ್ಲಾಡುವುದನ್ನೇ ಬಿಟ್ಟಿತು. ಹಾಸನಕ್ಕೆ ಫೋನ್ ಮಾಡೋಣವೇ ಎಂದು ನಾನು ಕೇಳಿದೆ.

"ಯಾಕೆ ಸಾರ್? ಟ್ಯಾಬ್ ಕೀ ಇದೆಯಲ್ಲ," ಎಂದ ಶಶಿಧರ್. "ಟೈಪ್‌ರೈಟರಿನಲ್ಲೂ ಅದೇ ಇರೋದು. ಟ್ಯಾಬ್ ಒತ್ತಿದರೆ ಮುಂದಿನ ಕಾಲಂ. ಕೊನೇ ಕಾಲಂನಲ್ಲಿ ಒತ್ತಿದರೆ ಮುಂದಿನ ಪೆಟ್ಟಿಗೆ. ಇನ್ನೆಲ್ಲಿಗೆ ಹೋಗುತ್ತೆ?"

ಇನ್ನೆಲ್ಲಿಗೆ ಹೋಗುತ್ತೆ ಎಂದು ನಾವು ನೋಡಬಹುದಿತ್ತು. ತೆರೆ ಒಂದು ಮೊಳ ದೂರದಲ್ಲೇ ಇತ್ತು. ಆದರೆ ಶಶಿಧರನ ಕಣ್ಣು ಪ್ರತಿಯ ಮೇಲೆ, ನನ್ನ ಕಣ್ಣು ಪತ್ರಿಕೆಯ ಮೇಲೆ. ಹದಿನೈದು ದಿನದಲ್ಲಿ ಅವನು ನೂರಾ ನಲವತ್ತಮೂರು ಮನೆಗಳನ್ನು ಬಡಿದು ಹಾಕಿದ. ಪಟ್ಟಿ ಅಚ್ಚಾಯಿತು. ಅರಸೀಕೆರೆ, ಬೇಲೂರು, ಹಳೇಬೀಡು, ಅರೇಹಳ್ಳಿ, ಎಲ್ಲ ಕಡೆಗೂ ಅಂಚೆಯಲ್ಲಿ ಹೋಯಿತು. ಪಟ್ಟಿ ಇಷ್ಟು ದಪ್ಪವಾಗಿದೆಯಲ್ಲ, ಸಮಾಜ ಬೆಳೆಯುತ್ತಿದೆ ಎಂದು ಅಧ್ಯಕ್ಷರು ಸಂತೋಷಪಟ್ಟರು. ಹುಡುಗಿಯರಲ್ಲಿ ಅರ್ಧಕ್ಕರ್ಧ ಹಾಲುಬಿಳುಪು, ಹುಡುಗರಲ್ಲಿ ಅರ್ಧಕ್ಕರ್ಧ ಗೆಜೆಟೆಡ್ ಆಫೀಸರು. ನಮ್ಮ ಜನ ಇಷ್ಟು ಮುಂದುವರಿದಿದ್ದಾರೆ ಎಂದು ಕರಡು ತಿದ್ದುವಾಗ ನನಗೂ ಹೆಮ್ಮೆಯಾಗಿತ್ತು. ಕರಡು ತಿದ್ದುವವನು ನೋಡುವುದು ಅಕ್ಷರವನ್ನು, ಯಾವ ಸಾಲು ಯಾರ ಮನೆಯದು ಎಂದಲ್ಲ.

ಇನ್ನು ಮುಖ್ಯ ವಿಷಯ. ಆ ಹೊತ್ತಿಗೆ ಶಶಿಧರನಿಗೇ ಮದುವೆ ಗೊತ್ತಾಗಿತ್ತು. ಗೊತ್ತು ಮಾಡಿದವನು ನಾನು. ಹುಡುಗಿ ಹಳೇಬೀಡಿನ ಜವಳಿ ಅಂಗಡಿ ಗಂಗಾಧರಪ್ಪನವರ ಒಬ್ಬಳೇ ಮಗಳು ಪ್ರತಿಮಾ, ನಮ್ಮೂರ ಹೈಸ್ಕೂಲಿನಲ್ಲೇ ಗಣಿತದ ಟೀಚರು. ಇಪ್ಪತ್ತೇಳು ವರ್ಷ, ಐದಡಿ ಆರಂಗುಲ, ಬಣ್ಣ ಕಪ್ಪು, ಮಾತು ನೇರ. ಶಶಿಧರನಿಗಿಂತ ಎರಡು ಅಂಗುಲ ಎತ್ತರ ಎಂದು ಯಾರೋ ಕೊಂಕು ತೆಗೆದಾಗ, "ಅಳತೆ ಹಿಡಿದು ನೋಡೋಕೆ ಅವರೇನು ಬಾಗಿಲ ಚೌಕಟ್ಟಾ?" ಎಂದು ಅವಳೇ ಕೇಳಿದ್ದಳು. ಅವಳನ್ನು ನೋಡಿ ಬಂದ ಮೇಲೆ ಶಶಿಧರ್ ಮೂರು ದಿನ ತಪ್ಪು ತಪ್ಪಾಗಿ ಟೈಪ್ ಮಾಡಿದ. ಹನ್ನೆರಡು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು. ಅಷ್ಟರಿಂದಲೇ ನನಗೆ ಅವನ ಮನಸ್ಸು ಗೊತ್ತಾಯಿತು. ನಿಶ್ಚಿತಾರ್ಥ ಮುಂದಿನ ತಿಂಗಳ ಮೊದಲ ಶುಕ್ರವಾರ ಎಂದು ನಿಶ್ಚಯವಾಯಿತು.

ಅರ್ಜಿಯಲ್ಲಿ ಇಬ್ಬರ ಮನೆಯವರೂ 'ನಮಗೆ ಬೇಕಾದ' ಕಾಲಂನಲ್ಲಿ ಏನೇನೋ ಬರೆದಿದ್ದರು. ನಾನು ಓದಲಿಲ್ಲ. ಆ ಕಾಲಂ ಓದಿಕೊಂಡು ಕೂತರೆ ಎರಡು ತಾಲ್ಲೂಕಿನಲ್ಲಿ ಒಂದು ಮದುವೆಯೂ ಆಗುವುದಿಲ್ಲ.

ಪಟ್ಟಿ ಅಂಚೆಗೆ ಬಿದ್ದ ಐದನೆಯ ದಿನ ಶಶಿಧರನ ಮನೆ ಮುಂದೆ ಒಂದು ಜೀಪು ನಿಂತಿತು. ಅರೇಹಳ್ಳಿಯ ಕಮಲಾಕ್ಷಮ್ಮ ಇಳಿದರು. ಆಜಾನುಬಾಹು ಹೆಂಗಸು, ಕೈಯಲ್ಲಿ ಹೂವು ಹಣ್ಣಿನ ತಟ್ಟೆ, ಹಿಂದೆ ನಾಲ್ಕು ಜನ ನೆಂಟರು. ಮಗನಿಗೆ ಹೆಣ್ಣು ಹುಡುಕುತ್ತ ಅವರು ಸವೆಸಿದ ಜೀಪಿನ ಟೈರು ಎಷ್ಟೋ.

ಬಾಗಿಲು ತೆಗೆದವರು ಶಶಿಧರನ ತಾಯಿ ಶಾಂತಾದೇವಿ.

"ಮಗಳನ್ನ ನೋಡೋಣ ಅಂತ ಬಂದ್ವಿ ಕಣ್ರವ್ವ," ಎಂದರು ಕಮಲಾಕ್ಷಮ್ಮ, ಚಾಪೆಯ ಮೇಲೆ ಕೂತುಕೊಳ್ಳುತ್ತ.

"ಯಾರ ಮಗಳನ್ನ?"

"ನಿಮ್ಮ ಮಗಳನ್ನ."

"ನಮಗೆ ಮಗಳಿಲ್ಲ ಕಣ್ರೀ. ಒಬ್ಬನೇ ಮಗ."

ಕಮಲಾಕ್ಷಮ್ಮ ನಕ್ಕರು. ಒಳ್ಳೆ ಹೆಣ್ಣಿರುವ ಮನೆಯವರು ಮೊದಲು ಬಿಗಿಯುವುದು ಅವರಿಗೆ ಹೊಸದಲ್ಲ. ಕೈಚೀಲದಿಂದ ಪಟ್ಟಿ ತೆಗೆದು ಓದಿದರು: "'ಶಾಂತಾದೇವಿ, ಅರಸೀಕೆರೆ. ವರ, ಮೂವತ್ತೊಂದು.' ಅವನು ನಿಮ್ಮ ಮಗ. ಅದರ ಕೆಳಗೆ, 'ವಧು, ಇಪ್ಪತ್ತೆರಡು. ಐದಡಿ ಎರಡಂಗುಲ. ಹಾಲುಬಿಳುಪು. ಬಿ.ಎ. ಉದ್ಯೋಗ ಬೇಡ. ಗುಣ: ಅಡುಗೆ, ರಂಗೋಲಿ, ತಗ್ಗಿದ ದನಿ, ಎದುರುತ್ತರವಿಲ್ಲ.' ಇಂಥ ಬಂಗಾರದಂಥ ಹುಡುಗೀನ ಇಟ್ಕೊಂಡು ಇಲ್ಲ ಅಂತೀರಲ್ಲ! ಒಳಗೆ ಅವಳೇ ಅಲ್ವಾ ಪಾತ್ರೆ ತೊಳೀತಿರೋದು?"

ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಐವತ್ತು ದಾಟಿದ ಕೆಲಸದ ಲಕ್ಕಮ್ಮ. ಅವಳನ್ನು ಕರೆದು ತೋರಿಸಿದ ಮೇಲೂ ಕಮಲಾಕ್ಷಮ್ಮನಿಗೆ ನಂಬಿಕೆ ಬರಲಿಲ್ಲ. ಕಾಫಿ ಕುಡಿದು, ಹಿತ್ತಲಿನವರೆಗೂ ಹೋಗಿ ಕೈ ತೊಳೆದು, ಕೋಣೆಗಳ ಕಡೆಗೆಲ್ಲ ಕತ್ತು ಚಾಚಿ ನೋಡಿ, "ಇನ್ನೊಂದ್ಸಲ ಬತ್ತೀವಿ, ಆಗ ತೋರ್ಸಿ," ಎಂದು ಹೇಳಿ ತಟ್ಟೆಯನ್ನು ಅಲ್ಲೇ ಬಿಟ್ಟು ಹೋದರು.

ಇಷ್ಟನ್ನೂ ಪಕ್ಕದ ಮನೆಯ ಸಾವಿತ್ರಮ್ಮ ಕಾಂಪೌಂಡಿನ ಮೇಲಿಂದ ಕೇಳಿಸಿಕೊಂಡರು. ಅವರ ಸೌತೆ ಬಳ್ಳಿಗೆ ನೀರು ಹಾಕುವ ಹೊತ್ತು ಬೆಳಿಗ್ಗೆ ಏಳು ಗಂಟೆ. ಆ ದಿನ ಹನ್ನೊಂದಕ್ಕೂ ಹಾಕುತ್ತಿದ್ದರು.

"ಶಾಂತಕ್ಕ, ಹದಿನೆಂಟು ವರ್ಷದಿಂದ ಗೋಡೆಗೆ ಗೋಡೆ ಅಂಟ್ಕೊಂಡು ಇದೀವಿ. ಒಂದು ದಿನ ಹೇಳಲಿಲ್ವಲ್ಲ ನೀವು!"

"ಏನನ್ನ ಹೇಳಬೇಕಿತ್ತು ಕಣೇ?"

"ಇರಲಿ ಬಿಡಿ. ಹೇಳಬಾರದ ಕಾರಣ ಏನಾದ್ರೂ ಇರುತ್ತೆ. ನಾನು ಯಾರ ಹತ್ರಾನೂ ಬಾಯಿ ಬಿಡೋಲ್ಲ."

ಸಾವಿತ್ರಮ್ಮ ಬಾಯಿ ಬಿಡುವುದಿಲ್ಲ ಎಂದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಹೋಯಿತು ಎಂದೇ ಲೆಕ್ಕ. ಮಾರನೆಯ ದಿನ ಎರಡು ಪಾರ್ಟಿ ಬಂದವು. ಅದರ ಮಾರನೆಯ ದಿನ ಮೂರು. ಎದುರುತ್ತರ ಕೊಡದ ಹುಡುಗಿಗೆ ಅಷ್ಟು ಬೇಡಿಕೆ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಶಾಂತಾದೇವಿ ಇಲ್ಲ ಇಲ್ಲ ಎಂದಷ್ಟೂ ಆ ಹುಡುಗಿಯ ಬೆಲೆ ಏರಿತು. ಬೇಲೂರಿನವರೊಬ್ಬರು ಅಡುಗೆಮನೆ ಕಿಟಕಿಯಲ್ಲಿ ಹಾಲುಬಿಳುಪಿನ ಕೈ ಕಂಡೆವೆಂದು ಸಾಕ್ಷಿ ಹೇಳಿದರು.

ನಾಲ್ಕನೆಯ ದಿನ ಬೆಳಿಗ್ಗೆ ಶಶಿಧರ್ ತಲೆ ಕೆದರಿಕೊಂಡು ಆಫೀಸಿಗೆ ಓಡಿ ಬಂದ. "ಸಾರ್, ನಮ್ಮನೇಲಿ ತಂಗಿ ಹುಟ್ಟಿಬಿಟ್ಟಿದ್ದಾಳೆ!"

ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಅವನು ಮೊದಲ ಬಾರಿಗೆ ತಲೆ ಎತ್ತಿ ತೆರೆಯನ್ನು ನೋಡುತ್ತ, ಒಂದೊಂದೇ ಕೀಲಿ ಒತ್ತುತ್ತ ಹೋದ. ಯಜಮಾನರ ಹೆಸರು, ಟ್ಯಾಬ್. ಊರು, ಟ್ಯಾಬ್. ಕರ್ಸರು ಸಲೀಸಾಗಿ ಮೇಲಿನ ಪೆಟ್ಟಿಗೆಯೊಳಕ್ಕೆ ಇಳಿಯಿತು. ವರ, ವಯಸ್ಸು, ಎತ್ತರ, ಬಣ್ಣ, ಓದು, ಉದ್ಯೋಗ, ಗುಣ. ಕೊನೆಯ ಕಾಲಂ. ಉಸಿರು ಬಿಗಿ ಹಿಡಿದು ಟ್ಯಾಬ್ ಒತ್ತಿದ. ಕರ್ಸರು ಕೆಳಗಿನ ಪೆಟ್ಟಿಗೆಗೆ ಹೋಗಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಕೆಳಗೆ ಇನ್ನೊಂದು ಖಾಲಿ ಸಾಲು ಹುಟ್ಟಿಸಿಕೊಂಡು, ಅದರ ತಲೆಯಲ್ಲಿ ಹೋಗಿ ಕೂತು ಮಿಣುಕತೊಡಗಿತು. ಮನೆಯಲ್ಲಿ ಇನ್ನೊಂದು ಮಗುವಿಗೆ ಜಾಗ ಮಾಡಿಕೊಟ್ಟಿತ್ತು.

ಕೆಳಗಿನ ಪೆಟ್ಟಿಗೆ ನೂರಾ ನಲವತ್ತಮೂರು ಮನೆಗಳಲ್ಲೂ ಖಾಲಿ. ಜನ ಬೇಕು ಎಂದು ಬರೆದದ್ದೆಲ್ಲ ಅವರ ಮನೆಯಲ್ಲಿ ಇದೆ ಎಂದಾಗಿತ್ತು.

ಮಂಡಿಯವರ ಫೋನಿನಿಂದ ಹಾಸನಕ್ಕೆ ಮಾತಾಡಿದೆ. ಆ ಹುಡುಗ ಶಾಂತವಾಗಿ, "ಮೌಸ್ ಇಲ್ಲದಿದ್ದರೆ ಕಂಟ್ರೋಲ್ ಕೀ ಒತ್ತಿಹಿಡಿದು ಟ್ಯಾಬ್ ಒತ್ತಬೇಕು ಸಾರ್. ಬರೀ ಟ್ಯಾಬ್ ಒತ್ತಿದರೆ ಒಳಗಿನ ಫಾರಂ ಬಿಟ್ಟು ಆಚೆ ಬರಲ್ಲ, ಅದು ಎಲ್ಲರಿಗೂ ಗೊತ್ತಲ್ಲ," ಎಂದ. ಎಲ್ಲರಿಗೂ ಗೊತ್ತಿರುವ ಇಂಥ ವಿಷಯಗಳು ನನಗೆ ಮಾತ್ರ ನಿವೃತ್ತಿಯಾದ ಮೇಲೇ ತಿಳಿಯುತ್ತವೆ. ಅಧ್ಯಕ್ಷರಿಗೆ ಹೇಳಿದೆ. ಅವರು ಆ ಸಂಜೆಯೇ ಹತ್ತು ದಿನದ ತೀರ್ಥಯಾತ್ರೆಗೆ ಹೊರಟರು.

"ಸದ್ಯ! ತಪ್ಪು ಸಿಕ್ಕಿತಲ್ಲ," ಎಂದೆ ನಾನು. "ತಂಗಿ ಅಲ್ಲ, ನೀವು ಬೇಕು ಅಂತ ಬರೆದ ಹುಡುಗಿ ಅಂತ ಎಲ್ಲರಿಗೂ ಹೇಳಿಬಿಡು."

ಶಶಿಧರ್ ತೆರೆಯನ್ನೇ ನೋಡುತ್ತಿದ್ದ. ತಾನು ಟೈಪ್ ಮಾಡಿದ ಸಾಲನ್ನು ಅವನು ಓದಿದ್ದು ಅದೇ ಮೊದಲು.

"ಹಾಲುಬಿಳುಪು," ಎಂದ ನಿಧಾನವಾಗಿ. "ಉದ್ಯೋಗ ಬೇಡ. ಎದುರುತ್ತರವಿಲ್ಲ. ಸಾರ್, ಇದು ಅಮ್ಮ ಬರೆದದ್ದು. ಪ್ರತಿಮಾಗೆ ಇದನ್ನ ಹೇಗೆ ಹೇಳೋದು?"

ಪ್ರತಿಮಾಳನ್ನು ಎದುರಿಗೆ ಕೂರಿಸಿಕೊಂಡು, ಅವಳಲ್ಲಿ ಏನೇನಿದೆಯೋ ಅದೆಲ್ಲ ಬೇಡ ಎಂದು ಬರೆದ ಹಾಗಿತ್ತು ಆ ಸಾಲು. ತಂಗಿ ಎಂದರೆ ಮನೆಯವರು ಮಗಳನ್ನು ಮುಚ್ಚಿಟ್ಟ ಸುಳ್ಳುಗಾರರು. ತಂಗಿಯಲ್ಲ ಎಂದರೆ ಹುಡುಗಿಗೆ ಮುಖದ ಮೇಲೇ ಅವಮಾನ. ನಿಜ ಹೇಳಿದರೂ ಮದುವೆ ಮುರಿಯುತ್ತದೆ, ಹೇಳದಿದ್ದರೂ ಮುರಿಯುತ್ತದೆ. ಶಶಿಧರನ ಮುಖ ನೋಡಲಾಗಲಿಲ್ಲ ನನಗೆ.

ಮಧ್ಯಾಹ್ನ ಗಂಗಾಧರಪ್ಪನವರ ಫೋನು ಬಂತು. ಪಟ್ಟಿ ಬಂದರೆ ಯಾರೂ ತಮ್ಮ ಮನೆಯ ಸಾಲನ್ನು ಓದುವುದಿಲ್ಲ, ಬೇರೆಯವರದ್ದನ್ನು ಎರಡು ಸಲ ಓದುತ್ತಾರೆ. ಅವರೂ ಅಷ್ಟೇ ಮಾಡಿದ್ದರು.

"ಏನ್ರೀ ಮೇಷ್ಟ್ರೇ, ಒಬ್ಬನೇ ಮಗ ಅಂದ್ರಿ. ಮದುವೆಗೆ ಬಂದ ತಂಗಿ ಮನೇಲಿ ಅವ್ಳಲ್ಲ!"

"ಅದು ಟೈಪಿಂಗಿನಲ್ಲಿ ಆದ ತಪ್ಪು ಗಂಗಾಧರಪ್ಪನವರೇ."

"ತಪ್ಪು ಅಂದ್ರೆ? ಬೇರೆ ಯಾರದೋ ಮನೆ ಹುಡುಗಿ ಇವರ ಮನೆಗೆ ಬಂದಳೇ?"

"ಹಾಗೇನಿಲ್ಲ..."

"ಮತ್ತೆ ಯಾರ ಮನೆಯವಳು ಅವಳು?"

ಯಾರ ಮನೆಯವಳೂ ಅಲ್ಲ ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅವರು ಗುಡುಗಿದರು: "ಭಾನುವಾರ ಮಗಳನ್ನೂ ಕರ್ಕೊಂಡು ನಿಮ್ಮ ಆಫೀಸಿಗೇ ಬತ್ತೀನಿ. ಅವರನ್ನೂ ಕರೆಸಿ. ತೀರ್ಮಾನ ಆಗೋವರೆಗೆ ನಿಶ್ಚಿತಾರ್ಥ ಇಲ್ಲ."

ಇಷ್ಟರಲ್ಲಿ ಶಾಂತಾದೇವಿಯವರು ತಮಗೆ ತೋಚಿದ ಉಪಾಯ ಮಾಡಿಯಾಗಿತ್ತು. ಬರೆದದ್ದು ತಾನು ಎಂದು ಒಪ್ಪಿಕೊಳ್ಳುವುದಕ್ಕಿಂತ ಒಬ್ಬಳು ಮಗಳನ್ನು ಹೆತ್ತುಬಿಡುವುದು ಅವರಿಗೆ ಸುಲಭವಾಗಿ ಕಂಡಿತು. ಸಾವಿತ್ರಮ್ಮನಿಗೆ ಹೇಳಿದರು: "ಹೌದು ಕಣೇ, ನಮ್ಮಕ್ಕನ ಮಗಳು. ಚಿಕ್ಕಂದಿನಲ್ಲೇ ದತ್ತು ತಗೊಂಡಿದ್ವಿ. ತುಮಕೂರಲ್ಲಿ ಹಾಸ್ಟೆಲಲ್ಲಿ ಇದ್ದಾಳೆ."

ಈ ಸುದ್ದಿ ಬಸ್ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ಹುಡುಗಿಗೆ ಹಾಸ್ಟೆಲಿನಲ್ಲಿ ಎರಡು ಬಂಗಾರದ ಪದಕ ಬಂದಿದ್ದವು.

ಭಾನುವಾರ ಹತ್ತು ಗಂಟೆಗೆ ನಮ್ಮ ಆಫೀಸಿನಲ್ಲಿ ಪಂಚಾಯಿತಿ ಸೇರಿತು. ಒಂದು ಬೆಂಚಿನ ಮೇಲೆ ಗಂಗಾಧರಪ್ಪನವರು, ರೇಷ್ಮೆ ಶಲ್ಯ ಹೊದ್ದು, ಪಕ್ಕದಲ್ಲಿ ಪ್ರತಿಮಾ. ಎದುರಿನ ಬೆಂಚಿನ ಮೇಲೆ ಶಾಂತಾದೇವಿ, ಅವರಿಗೆ ಧೈರ್ಯ ಹೇಳಲು ಸಾವಿತ್ರಮ್ಮ. ಧೈರ್ಯ ಹೇಳಲು ಬಂದವರ ಕಣ್ಣಿನಲ್ಲಿ ಹಬ್ಬ ಕುಣಿಯುತ್ತಿತ್ತು. ಶಶಿಧರ್ ಕಂಪ್ಯೂಟರಿನ ಪಕ್ಕದಲ್ಲಿ ನಿಂತಿದ್ದ.

"ಹುಡುಗಿ ಎಲ್ಲಿ?" ಎಂದರು ಗಂಗಾಧರಪ್ಪ.

"ತುಮಕೂರಲ್ಲಿ," ಎಂದರು ಶಾಂತಾದೇವಿ.

"ಪದಕ ಬಂದಿದೆ," ಎಂದು ಸಾವಿತ್ರಮ್ಮ ಸೇರಿಸಿದರು.

"ಹಂಗಾದ್ರೆ ಮೊದಲು ಆ ಹುಡುಗಿ ಮದುವೆ ಮಾಡಿ. ಮನೇಲಿ ತಂಗಿ ಇರೋವಾಗ ಅಣ್ಣಂದು ಹೆಂಗೆ? ಒಂದು ವರ್ಷ ಆಗಲಿ, ಎರಡು ವರ್ಷ ಆಗಲಿ, ನಾವು ಕಾಯ್ತೀವಿ. ಆದ್ರೆ ನಮ್ಮ ಹತ್ರ ಮುಚ್ಚಿಟ್ಟಿದ್ದು ಯಾಕೆ ಅಂತ ಹೇಳಬೇಕು."

ಶಾಂತಾದೇವಿ ಸಂತೋಷದಿಂದ ತಲೆಯಾಡಿಸಿದರು. ಎರಡು ವರ್ಷದಲ್ಲಿ ಒಬ್ಬಳು ಮಗಳನ್ನು ಹೇಗಾದರೂ ಹೊಂದಿಸಬಹುದು ಎಂಬ ಧೈರ್ಯ ಅವರ ಮುಖದಲ್ಲಿ ಕಂಡಿತು. ಆದರೆ ಶಶಿಧರ್ ಪ್ರತಿಮಾಳ ಕಡೆ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಲೆಕ್ಕ ತಪ್ಪಿದ ಹುಡುಗ ತಾನಾಗೇ ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂದು ಕಾಯುವ ಟೀಚರಿನ ನೋಟ ಅದು. ನನಗೆ ಚೆನ್ನಾಗಿ ಗೊತ್ತು, ನಾನೂ ನೋಡಿದ್ದೇನಲ್ಲ ಹಾಗೆ.

"ನನಗೆ ತಂಗಿ ಇಲ್ಲ," ಎಂದ ಶಶಿಧರ್.

"ಶಶೀ!" ಎಂದರು ತಾಯಿ.

"ಇಲ್ಲಮ್ಮ. ಎರಡು ವರ್ಷ ನನಗೆ ಕಾಯೋಕಾಗಲ್ಲ." ಅವನು ಕಂಪ್ಯೂಟರಿನ ಮುಂದೆ ಕೂತ. "ತಪ್ಪು ನಂದು. ನಾನು ತೆರೆ ನೋಡದೆ ಟೈಪ್ ಮಾಡಿದೆ. ಇಲ್ಲಿ ಎರಡು ಪೆಟ್ಟಿಗೆ ಇದೆ. ನಾನು ಇದರಿಂದ ಅದಕ್ಕೆ ಬಂದಿದ್ದೀನಿ ಅಂದ್ಕೊಂಡೆ, ಬಂದಿರಲಿಲ್ಲ. ನೋಡಿ." ಟ್ಯಾಬ್ ಒತ್ತಿ ಹೊಸ ಸಾಲು ಹುಟ್ಟುವುದನ್ನು ತೋರಿಸಿದ. ಆಮೇಲೆ ಕಂಟ್ರೋಲ್ ಹಿಡಿದು ಟ್ಯಾಬ್ ಒತ್ತಿದ. ಕರ್ಸರು ಕೆಳಗಿನ ಪೆಟ್ಟಿಗೆಗೆ ಹಾರಿತು. ಸಾವಿತ್ರಮ್ಮ "ಅಯ್ಯೋ ಶಿವನೇ" ಎಂದು ಕೆನ್ನೆ ಮುಟ್ಟಿಕೊಂಡರು. "ಆ ಹುಡುಗಿ ಈ ಕೆಳಗಿನ ಪೆಟ್ಟಿಗೇಲಿ ಇರಬೇಕಿತ್ತು."

ಪ್ರತಿಮಾ ಎದ್ದು ಹತ್ತಿರ ಬಂದು ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿದಳು. "'ನಮಗೆ ಬೇಕಾದ ವಧು.'"

ಕೆಳಗೆ ಮಂಡಿಯಲ್ಲಿ ಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು.

"ಓದಿ," ಎಂದಳು ಪ್ರತಿಮಾ.

"ಪಟ್ಟೀಲಿ ಇದೆಯಲ್ಲ..."

"ನೀವೇ ಗಟ್ಟಿಯಾಗಿ ಓದಿ."

ಶಶಿಧರ್ ಓದಿದ. ಇಪ್ಪತ್ತೆರಡು ಎಂದಾಗ ಪ್ರತಿಮಾ, "ನನಗೆ ಇಪ್ಪತ್ತೇಳು," ಎಂದಳು. ಐದಡಿ ಎರಡಂಗುಲ ಎಂದಾಗ, "ನಾಲ್ಕಂಗುಲ ಹೆಚ್ಚಿದೀನಿ." ಹಾಲುಬಿಳುಪು ಎಂದು ಅವನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಅವಳು ಎರಡನೇ ಸಲ ಹೇಳಿಸಿದಳು. ಉದ್ಯೋಗ ಬೇಡ ಎಂಬಲ್ಲಿಗೆ ಶಾಂತಾದೇವಿ ಸೆರಗನ್ನು ಬಾಯಿಗೆ ತುಂಬಿಕೊಂಡರು. ಎದುರುತ್ತರವಿಲ್ಲ ಎಂಬಲ್ಲಿಗೆ ಗಂಗಾಧರಪ್ಪನವರು ಎದ್ದು ನಿಂತರು.

"ಸಾಕು ಕಣ್ರೀ! ಇಂಥದ್ದು ಬೇಕಾಗಿತ್ತು ಅಂದ್ರೆ ನಮ್ಮ ಮನೆ ಬಾಗಿಲಿಗೆ ಯಾಕೆ ಬಂದ್ರಿ? ನನ್ನ ಮಗಳು ಎಂ.ಎಸ್ಸಿ. ಓದಿದಾಳೆ. ಮನೇಲಿ ಕೂರೋಕಲ್ಲ. ಹೆಣ್ಣನ್ನ ನೋಡಿದ ಮೇಲೆ ಮನುಷ್ಯರು ಗುಣ ನೋಡ್ಬೇಕು, ಬಣ್ಣ ಎತ್ತರ ಅಳತೆ ಮಾಡ್ಕೊಂಡು ಕೂರಬಾರದು. ನಾವು ಯಾವತ್ತಾದ್ರೂ ಹಂಗೆ ಮಾಡಿದೀವಾ? ನಡಿ ಪ್ರತಿಮಾ!"

ಶಶಿಧರನ ಕಣ್ಣಿನಲ್ಲಿ ನೀರು ನಿಂತಿತ್ತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆಗ ಮೆಟ್ಟಿಲ ಮೇಲೆ ದಬದಬ ಸದ್ದಾಯಿತು.

ಅರೇಹಳ್ಳಿಯ ಕಮಲಾಕ್ಷಮ್ಮ! ಕೈಯಲ್ಲಿ ಹೊಸ ತಟ್ಟೆ, ಹೊಸ ಹೂವು, ಜೊತೆಗೆ ಒಬ್ಬ ಹುಡುಗಿಯ ಫೋಟೋ. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತರು.

"ಹಳೇಬೀಡಿನ ಜವಳಿ ಅಂಗಡಿ ಗಂಗಾಧರಪ್ಪನೋರು ಇಲ್ಲಿದಾರಂತಲ್ಲ? ಅವರ ಮನೆಗೇ ಹೋಗಿದ್ವಿ. ಅರಸೀಕೆರೆ ಕೇಂದ್ರದ ಆಫೀಸಿಗೆ ಹೋಗವ್ರೆ ಅಂದ್ರು. ಬಂದೇ ಬಿಟ್ವಿ."

"ನಾನೇ ಕಣ್ರವ್ವ. ಏನಾಗಬೇಕಿತ್ತು?"

"ನಿಮ್ಮ ಮಗನ್ನ ನೋಡಬೇಕಿತ್ತು."

ಗಂಗಾಧರಪ್ಪನವರ ಶಲ್ಯ ಭುಜದಿಂದ ಜಾರಿತು. "ನನಗೆ ಮಗ ಇಲ್ಲ."

"ಎಲ್ಲರೂ ಹಿಂಗೇ ಅಂತೀರಪ್ಪ ಈ ಊರುಗಳಲ್ಲಿ! ಮಗನಿಗೆ ಹೆಣ್ಣು ಸಿಗಲಿಲ್ಲ, ಹೋಗ್ಲಿ ಮಗಳದಾದ್ರೂ ಮೊದಲು ಮುಗಿಸೋಣ ಅಂತ ಬಂದೆ." ಕಮಲಾಕ್ಷಮ್ಮ ಪಟ್ಟಿ ಬಿಡಿಸಿದರು. "'ಗಂಗಾಧರಪ್ಪ, ಹಳೇಬೀಡು. ವಧು, ಇಪ್ಪತ್ತೇಳು.' ಅದರ ಕೆಳಗೆ ಕೇಳಿ. 'ವರ, ಮೂವತ್ತು. ಐದಡಿ ಹನ್ನೊಂದಂಗುಲ. ಕೆಂಪು ಬಣ್ಣ. ಬಿ.ಇ. ಗೆಜೆಟೆಡ್ ಆಫೀಸರ್. ಗುಣ: ಮಿತಭಾಷಿ, ಚಟಗಳಿಲ್ಲ, ಮಾವನ ಮಾತಿಗೆ ಮರ್ಯಾದೆ.' ಹೇಳಿ, ಎಲ್ಲಿ ಕೆಲಸ? ಬೇಲೂರೋ, ಹಾಸನವೋ?"

ಗಂಗಾಧರಪ್ಪನವರು ಮತ್ತೆ ಬೆಂಚಿನ ಮೇಲೆ ಕೂತರು. ಅವರ ನೋಟ ಮೊದಲು ಶಶಿಧರನ ಕಾಲಿನಿಂದ ತಲೆಯವರೆಗೆ ಹೋಯಿತು. ಬೇಗ ಮುಗಿಯಿತು, ಐದಡಿ ನಾಲ್ಕೇ ಅಂಗುಲ ತಾನೇ. ಆಮೇಲೆ ನೆಲ ನೋಡಿದರು. ಬಿ.ಕಾಂ. ಓದಿದ ಖಾಸಗಿ ಟೈಪಿಸ್ಟೂ ಅದೇ ನೆಲವನ್ನು ನೋಡುತ್ತಿದ್ದ.

"ಮಾವನ ಮಾತಿಗೆ ಮರ್ಯಾದೆ," ಎಂದು ಶಾಂತಾದೇವಿ ಬಾಯಿಂದ ಸೆರಗು ತೆಗೆದು ಹೇಳಿದರು. "ಅಂತೂ ನೀವೂ ಅಳತೆ ಹಿಡ್ಕೊಂಡೇ ಹೊರಟಿದ್ರಿ ಅನ್ನಿ ಬೀಗರೇ."

"ಅದು... ಫಾರಂನಲ್ಲಿ ಕೇಳಿದ್ರು, ಬರೆದೆ ಕಣ್ರವ್ವ," ಎಂದರು ಗಂಗಾಧರಪ್ಪ.

"ನಮ್ಮ ಫಾರಂನಲ್ಲೂ ಅದನ್ನೇ ಕೇಳಿದ್ರು."

ಪ್ರತಿಮಾ ಕಮಲಾಕ್ಷಮ್ಮನ ಕೈಯಿಂದ ಪಟ್ಟಿ ತೆಗೆದುಕೊಂಡು ಎರಡೂ ಮನೆಗಳ ಸಾಲುಗಳನ್ನು ನೋಡಿದಳು. ನನ್ನ ಜೇಬಿನಿಂದ ಪೆನ್ನು ಕೇಳಿ ತೆಗೆದುಕೊಂಡು, ಶಾಂತಾದೇವಿಯವರ ಇಲ್ಲದ ಮಗಳಿಗೂ ತನ್ನಪ್ಪನ ಇಲ್ಲದ ಮಗನಿಗೂ ಪುಟದಿಂದ ಪುಟಕ್ಕೆ ಗುರುತು ಹಾಕುತ್ತ ಹೋದಳು.

"ಮೂವತ್ತು, ಇಪ್ಪತ್ತೆರಡು. ಸರಿಯಾಗಿದೆ," ಎಂದಳು. "ಎತ್ತರ ಸರಿಯಾಗಿದೆ. ಅವನು ಕೆಂಪು, ಅವಳು ಬಿಳುಪು. ಅವನಿಗೆ ದೊಡ್ಡ ಕೆಲಸ, ಅವಳಿಗೆ ಕೆಲಸ ಬೇಡ. ಅವನು ಹೆಚ್ಚು ಮಾತಾಡೋಲ್ಲ, ಅವಳು ಎದುರು ಮಾತಾಡೋಲ್ಲ. ಮೇಷ್ಟ್ರೇ, ಇಷ್ಟು ಹೊಂದಿದ ಜೋಡೀನ ನೀವು ಇಷ್ಟು ವರ್ಷದಲ್ಲಿ ನೋಡಿದೀರಾ?"

"ಇಲ್ಲಮ್ಮ," ಎಂದೆ. ನಿಜವಾಗಿಯೂ ನೋಡಿರಲಿಲ್ಲ.

"ಅಪ್ಪಾ, ಅತ್ತೇ, ಅವರಿಬ್ಬರಿಗೂ ಮದುವೆ ಮಾಡಿಬಿಡಿ. ಅವರು ಸುಖವಾಗಿರಲಿ." ಅವಳು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗಿಟ್ಟು ಶಶಿಧರನ ಕಡೆ ತಿರುಗಿದಳು. "ಎರಡೂ ಮನೇಲಿ ಉಳಿದೋರು ನಾವಿಬ್ಬರು. ಏನ್ ಮಾಡೋಣ?"

ಶಶಿಧರನಿಗೆ ಎದುರುತ್ತರ ಬರಲಿಲ್ಲ. ತಲೆಯಾಡಿಸಿದ, ಎಷ್ಟು ಜೋರಾಗಿ ಆಡಿಸಿದನೆಂದರೆ ಮೇಜಿನ ಮೇಲಿನ ಅರ್ಜಿಗಳು ನೆಲಕ್ಕೆ ಬಿದ್ದವು. ಗಂಗಾಧರಪ್ಪನವರು ಕೆಮ್ಮಿ, ಶಲ್ಯ ಸರಿಮಾಡಿಕೊಂಡು, "ಶುಕ್ರವಾರ ಎಷ್ಟು ಗಂಟೆಗೆ ಅಂದಿದ್ರಿ?" ಎಂದು ನನ್ನನ್ನು ಕೇಳಿದರು. ಶಾಂತಾದೇವಿ ಸೊಸೆಯ ಕೈ ಹಿಡಿದುಕೊಂಡು ಅಳುತ್ತ, ನಗುತ್ತ, ತುಮಕೂರಿನ ಹಾಸ್ಟೆಲಿನ ವಿಷಯವನ್ನು ಯಾರೂ ಇನ್ನು ಎತ್ತಬಾರದೆಂದು ಸಾವಿತ್ರಮ್ಮನಿಗೆ ಕಣ್ಣಿನಲ್ಲೇ ಹೇಳುತ್ತಿದ್ದರು.

ಕಮಲಾಕ್ಷಮ್ಮ ಮಾತ್ರ ಬಾಗಿಲಲ್ಲಿ ತಟ್ಟೆ ಹಿಡಿದು ಹಾಗೇ ನಿಂತಿದ್ದರು. ಏನಾಯಿತೆಂದು ನಾನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಅವರು ಎಲ್ಲ ಕೇಳಿ, ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ಮೇಷ್ಟ್ರೇ, ನನಗೂ ಒಬ್ಬ ಮಗ, ಒಬ್ಬಳು ಮಗಳು. ಇನ್ನು ನಾನು ಏನೂ ಕೇಳಾಕಿಲ್ಲ. ಹಿಂಗೆ ಉಳಿದೋರು ಬೇರೆ ಯಾರಾದ್ರೂ ಇದ್ರೆ ತೋರ್ಸಿ."